ಬ್ಲಾಸ್ಟ್ ಮಾಡಿದ ಉಕ್ಕಿನ ಪ್ರೊಫೈಲ್: ಒಂದೇ ತೊಲೆ, ಮೂರು ಉಪಕರಣ, ಮೂರು ಅಂಕಿ

ತೊಲೆಕಂಬ

ಎಲ್ಲರಿಗೂ ನಮಸ್ಕಾರ. ಉಕ್ಕಿನ ತೊಲೆಗಳ ಫ್ಯಾಬ್ರಿಕೇಷನ್ ಯಾರ್ಡ್‌ನಲ್ಲಿ ಗುಣಮಟ್ಟ ನೋಡಿಕೊಳ್ಳುತ್ತೇನೆ. ಒಂದು ತಕರಾರು ಬಗೆಹರಿಯುತ್ತಿಲ್ಲ. ಬಲ್ಲವರು ದಾರಿ ತೋರಿಸಬೇಕು.

ಸ್ಪೆಸಿಫಿಕೇಷನ್‌ನಲ್ಲಿ ಇರುವುದು ಇಷ್ಟೇ: ಎಸ್‌ಎ 2½ ಅನ್ನುವ ಶುದ್ಧತೆಯ ಮಟ್ಟಕ್ಕೆ ಬ್ಲಾಸ್ಟ್ ಮಾಡಬೇಕು (ಗಟ್ಟಿ ಕಾಳುಗಳನ್ನು ರಭಸದಿಂದ ಹೊಡೆದು ಸ್ವಚ್ಛ ಮಾಡಬೇಕು), ಪ್ರೊಫೈಲ್, ಅಂದರೆ ಆ ಹೊಡೆತದಿಂದ ಏಳುವ ಉಬ್ಬುತಗ್ಗುಗಳ ಎತ್ತರ, 50ರಿಂದ 75 ಮೈಕ್ರಾನ್ ಇರಬೇಕು. ಯಾವುದರಿಂದ ಅಳೆಯಬೇಕು, ಎಷ್ಟು ಕಡೆ ಅಳೆಯಬೇಕು ಅಂತ ಒಂದಕ್ಷರವೂ ಇಲ್ಲ.

ನಾನು ರೆಪ್ಲಿಕಾ ಟೇಪ್ (ಮೇಲ್ಮೈಯ ಅಚ್ಚು ತೆಗೆಯುವ ಟೇಪ್) ಹಾಕಿ ನೋಡಿದೆ. ಎಕ್ಸ್-ಕೋರ್ಸ್ ದರ್ಜೆಯ, ಅಂದರೆ ಹೆಚ್ಚು ಒರಟು ಮೇಲ್ಮೈಯ ಟೇಪ್. ಮೈಕ್ರೋಮೀಟರ್ 131 ತೋರಿಸಿತು. ಟೇಪಿನ ಹಾಳೆಯ ದಪ್ಪ 50 ಕಳೆದರೆ 81 ಮೈಕ್ರಾನ್. ಅಂದರೆ ಮಿತಿ ದಾಟಿದೆ. ಬ್ಲಾಸ್ಟಿಂಗ್ ಗುತ್ತಿಗೆದಾರರು ತಮ್ಮ ಡೆಪ್ತ್ ಗೇಜ್ (ಮೊನೆ ಇಳಿಸಿ ಆಳ ಅಳೆಯುವ ಉಪಕರಣ) ತಂದು ಅದೇ ಜಾಗದಲ್ಲಿ ಹತ್ತು ಸಲ ಇಟ್ಟರು. ಬಂದದ್ದು 41, 58, 66, 49, 71, 62, 55, 78, 60, 52. ಸರಾಸರಿ 59. "ನೋಡಿ, ಪಾಸು" ಅಂದರು. ಅಷ್ಟರಲ್ಲಿ ಗ್ರಾಹಕರ ಕಡೆಯ ಎಂಜಿನಿಯರ್ ಸ್ಟೈಲಸ್ ಉಪಕರಣ (ಮೇಲ್ಮೈ ಮೇಲೆ ಸೂಜಿ ಎಳೆದು ಒರಟುತನ ಅಳೆಯುವುದು) ಓಡಿಸಿ ಆರ್‌ಎ 12 ಅಂತ ತೋರಿಸಿ, "50 ಎಲ್ಲಿದೆ ಇಲ್ಲಿ?" ಅಂತ ಕೇಳಿದರು.

ಮೂವರೂ ತಮ್ಮ ಅಂಕಿಯೇ ಸರಿ ಅನ್ನುತ್ತಿದ್ದಾರೆ. ಮುಂದಿನ ಕೋಟ್ ಎಪಾಕ್ಸಿ ಪ್ರೈಮರ್. ಏನು ಮಾಡಲಿ?

ಸೂಜಿಮೊನೆ

ಮೊದಲು ಆರ್‌ಎ ವಿಷಯ ಮುಗಿಸಿಬಿಡೋಣ, ಅದೇ ಸುಲಭ.

ಆರ್‌ಎ ಅಂದರೆ ಉಬ್ಬಿನ ತುದಿಯಿಂದ ತಗ್ಗಿನ ತಳದವರೆಗಿನ ಎತ್ತರ ಅಲ್ಲ. ಮೇಲ್ಮೈಯ ನಡುವೆ ಒಂದು ಗೆರೆ ಎಳೆದುಕೊಂಡು, ಅದರಿಂದ ಮೇಲೆ ಕೆಳಗೆ ಎಷ್ಟೆಷ್ಟು ಸರಿದಿದೆ ಅನ್ನುವುದರ ಸರಾಸರಿ. ಹಾಗಾಗಿ ಅದು ಯಾವಾಗಲೂ ತುಂಬಾ ಚಿಕ್ಕ ಅಂಕಿಯೇ ಆಗಿರುತ್ತದೆ. ನಿಮ್ಮ ಸ್ಪೆಸಿಫಿಕೇಷನ್ ಹೇಳುವ 50–75 ತುದಿಯಿಂದ ತಳಕ್ಕೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವ ಹಾಗೇ ಇಲ್ಲ.

"ಆರ್‌ಎ ಅನ್ನು ಇಂತಿಷ್ಟರಿಂದ ಗುಣಿಸಿದರೆ ಆರ್‌ಜೆಡ್ (ತುದಿಯಿಂದ ತಳದ ಎತ್ತರ) ಸಿಗುತ್ತೆ" ಅಂತ ಹೇಳುವವರು ಸಿಗುತ್ತಾರೆ. ನಂಬಬೇಡಿ. ಆ ಅನುಪಾತ ಗ್ರಿಟ್ (ಬ್ಲಾಸ್ಟಿಂಗ್‌ನ ಚೂಪು ಕಾಳು) ಬದಲಾದರೆ ಬದಲಾಗುತ್ತದೆ, ಶಾಟ್ (ದುಂಡು ಕಾಳು) ಆದರೆ ಇನ್ನೊಂದು. ಅದೇ ಉಪಕರಣದಲ್ಲಿ ಆರ್‌ಜೆಡ್ ಆಯ್ಕೆ ಇದ್ದೇ ಇರುತ್ತದೆ, ಅದನ್ನೇ ಓದಿ.

ಓದುವ ಮುಂಚೆ ಸೆಟ್ಟಿಂಗ್ ನೋಡಿ. ಲೇತ್, ಮಿಲ್ಲಿಂಗ್ ಆದ ನುಣುಪು ಭಾಗಗಳಿಗೆ 0.8 ಮಿಲಿಮೀಟರ್ ಕಟ್-ಆಫ್ (ಒಂದೊಂದು ಅಳತೆಯ ತುಂಡಿನ ಉದ್ದ) ಇಟ್ಟಿರುತ್ತಾರೆ. ಬ್ಲಾಸ್ಟ್ ಮಾಡಿದ ಉಕ್ಕಿಗೆ ಅದು ಸಾಲದು. ಬ್ಲಾಸ್ಟ್ ಮಾಡಿದ ಉಕ್ಕಿನ ಒರಟುತನದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8503ರ 4ನೇ ಭಾಗ 2.5 ಮಿಲಿಮೀಟರ್‌ನ ಐದು ತುಂಡು, ಒಟ್ಟು 12.5 ಮಿಲಿಮೀಟರ್ ಓಡಿಸಿ ಅನ್ನುತ್ತದೆ. ಪ್ರತಿ ತುಂಡಿನ ಅತಿ ಎತ್ತರದ ತುದಿ, ಅತಿ ಆಳದ ತಳ, ಇವೆರಡರ ಅಂತರ ತೆಗೆದು ಐದರ ಸರಾಸರಿ ಮಾಡಿದರೆ ಬರುವುದೇ ಇವತ್ತಿನ ಆರ್‌ಜೆಡ್. ಇನ್ನೊಂದು ವಿಷಯ. ಕೆಲವು ಸಣ್ಣ ಉಪಕರಣಗಳ ಅಳತೆಯ ವ್ಯಾಪ್ತಿಯೇ ಇಷ್ಟು ಒರಟು ಮೇಲ್ಮೈಗೆ ಸಾಲುವುದಿಲ್ಲ. ವ್ಯಾಪ್ತಿ ಮೀರಿದರೆ ಅಂಕಿ ಬಂದರೂ ಅದು ಅಳತೆ ಅಲ್ಲ.

ತೊಲೆಕಂಬ

ಧನ್ಯವಾದ ಸರ್. ಸೆಟ್ಟಿಂಗ್ ನೋಡಿದೆವು. ನೀವು ಹೇಳಿದಂತೆ 0.8ರಲ್ಲೇ ಇತ್ತು. 2.5ಕ್ಕೆ ಬದಲಿಸಿ ಓಡಿಸಿದಾಗ ಆರ್‌ಜೆಡ್ 72 ಬಂತು. ಎಂಜಿನಿಯರ್ ಸುಮ್ಮನಾದರು. ಆದರೆ 81, 59, 72 ಅಂತ ಮೂರು ಅಂಕಿ ಹಾಗೇ ಉಳಿದಿವೆ.

ಟೇಪ್‌ಪಟ್ಟಿ

ನನ್ನ ಕಣ್ಣಿಗೆ ಇಲ್ಲಿ ಮೂರು ಅಂಕಿಗಳ ಜಗಳವೇ ಇಲ್ಲ. ಡೆಪ್ತ್ ಗೇಜಿನ ಹತ್ತು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ದೊಡ್ಡದು 78. ನಿಮ್ಮ ಟೇಪ್ 81. ಎರಡೂ ಹತ್ತಿರ ಹತ್ತಿರ ಇವೆ, ಅಲ್ವಾ?

ಡೆಪ್ತ್ ಗೇಜ್ ಹೇಗೆ ಕೆಲಸ ಮಾಡುತ್ತದೆ ಅಂತ ಯೋಚಿಸಿ. ಅದರ ಚಪ್ಪಟೆ ಪಾದ ಮೇಲ್ಮೈಯ ಅತಿ ಎತ್ತರದ ಕೆಲವು ತುದಿಗಳ ಮೇಲೆ ಕೂರುತ್ತದೆ. ನಡುವೆ ಇರುವ ಮೊನೆ ಸ್ಪ್ರಿಂಗ್ ಬಲದಿಂದ ಕೆಳಗೆ ಇಳಿಯುತ್ತದೆ. ಆ ಮೊನೆ ಎಲ್ಲಿ ಇಳಿಯುತ್ತದೆ ಅನ್ನುವುದು ಅದೃಷ್ಟ. ಒಮ್ಮೆ ತಗ್ಗಿನ ತಳಕ್ಕೆ ಹೋಗುತ್ತದೆ, ಒಮ್ಮೆ ಇಳಿಜಾರಿನ ಅರ್ಧದಲ್ಲೇ ನಿಲ್ಲುತ್ತದೆ, ಒಮ್ಮೆ ಇನ್ನೊಂದು ಉಬ್ಬಿನ ಮೇಲೇ ಕೂತುಬಿಡುತ್ತದೆ. ನಿಮ್ಮ 41 ಬಂದಿರುವುದು ಹಾಗೆ. ಹತ್ತರ ಸರಾಸರಿ ತೆಗೆದರೆ ಇಂಥ ಅರ್ಧಂಬರ್ಧ ಅಳತೆಗಳೆಲ್ಲ ಸೇರಿ ಅಂಕಿ ಕೆಳಗೆ ಎಳೆಯುತ್ತವೆ.

ಪ್ರೊಫೈಲ್ ಅಳತೆಯ ಅಮೆರಿಕನ್ ಮಾನದಂಡ ಎಎಸ್‌ಟಿಎಂ ಡಿ4417ರ ಬಿ ವಿಧಾನ ಇದೇ ಗೇಜಿನದು. ಹಳೆಯ ಆವೃತ್ತಿಯಲ್ಲಿ ಸರಾಸರಿ ತೆಗೆಯಲು ಹೇಳಿತ್ತು. ಈಗಿನದು ಒಂದು ಜಾಗದಲ್ಲಿ ಹತ್ತು ಅಳತೆ ತೆಗೆದು, ಅದರಲ್ಲಿ ದೊಡ್ಡದನ್ನು ಆ ಜಾಗದ ಪ್ರೊಫೈಲ್ ಅಂತ ಬರೆಯಲು ಹೇಳುತ್ತದೆ. ಎಲ್ಲದಕ್ಕಿಂತ ತೀರಾ ಬೇರೆ, ವಿಚಿತ್ರವಾದ ಅಂಕಿ ಬಂದರೆ ಅದನ್ನು ಬಿಡಬೇಕು. 71 ಪಕ್ಕದಲ್ಲಿರುವ 78 ಹಾಗಲ್ಲ. ಟೇಪಿನ ಜೊತೆ ಹೊಂದುವುದು ಈ ದೊಡ್ಡ ಅಂಕಿಯೇ. ಸರಾಸರಿ ಅಲ್ಲ.

ನಿಮ್ಮ ಗುತ್ತಿಗೆದಾರರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಹಳೆಯ ಪದ್ಧತಿ ಕಲಿತವರು ಇನ್ನೂ ಎಷ್ಟೋ ಜನ ಸರಾಸರಿಯನ್ನೇ ಬರೆಯುತ್ತಾರೆ. ಆದರೆ ಆ 59ನ್ನು ಸ್ಪೆಸಿಫಿಕೇಷನ್‌ನ 75ರ ಎದುರು ಇಡಬಾರದು.

ನಾಜಲ್‌ಹಿಡಿ

ಟೇಪ್‌ಪಟ್ಟಿ ಅವರೇ, ನಾನು ಬ್ಲಾಸ್ಟಿಂಗ್ ಕಡೆಯವನು. ಒಂದು ಮಾತು ಕೇಳುತ್ತೇನೆ. ಟೇಪ್ ಮಾತ್ರ ಯಾವಾಗಲೂ ಸರಿಯಾ? ಉಜ್ಜುವವರು ಬದಲಾದರೆ ಅಂಕಿ ಬದಲಾಗುವುದನ್ನು ನಾವೆಲ್ಲ ನೋಡಿದ್ದೇವೆ.

ಟೇಪ್‌ಪಟ್ಟಿ

ನ್ಯಾಯವಾದ ಪ್ರಶ್ನೆ. ಟೇಪ್‌ನಲ್ಲಿ ತಪ್ಪಾಗುವುದು ಸಾಮಾನ್ಯವಾಗಿ ಉಜ್ಜುವ ಜಾಗದಲ್ಲೇ.

ಟೇಪ್ ಅಂದರೆ ಎರಡು ಪದರ. ಮೇಲಿನದು 50 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಹಾಳೆ, ಅದು ಒತ್ತಿದರೂ ಕುಗ್ಗುವುದಿಲ್ಲ. ಕೆಳಗಿನದು ಒತ್ತಿದರೆ ಕುಗ್ಗಿ ಹಾಗೇ ಉಳಿಯುವ ಫೋಮ್. ಉಕ್ಕಿನ ಮೇಲೆ ಅಂಟಿಸಿ ದುಂಡು ತುದಿಯ ಕಡ್ಡಿಯಿಂದ ಉಜ್ಜಿದಾಗ ಉಕ್ಕಿನ ತುದಿಗಳು ಫೋಮನ್ನು ಸೀಳಿಕೊಂಡು ಹಾಳೆಯವರೆಗೆ ಏರುತ್ತವೆ. ತಗ್ಗುಗಳಲ್ಲಿ ಫೋಮ್ ತುಂಬಿಕೊಳ್ಳುತ್ತದೆ. ಬಿಡಿಸಿ ತೆಗೆದಾಗ ಮೇಲ್ಮೈಯ ಅಚ್ಚು ನಿಮ್ಮ ಕೈಯಲ್ಲಿರುತ್ತದೆ. ಅದರ ದಪ್ಪ ಅಳೆದು 50 ಕಳೆದರೆ ಪ್ರೊಫೈಲ್.

ಉಜ್ಜುವಾಗ ಆ ಬಿಳಿ ದುಂಡು ಭಾಗವನ್ನು ಕಣ್ಣಿಟ್ಟು ನೋಡಬೇಕು. ಕಡ್ಡಿ ಹೋದ ಕಡೆ ಸಣ್ಣ ಸಣ್ಣ ಬೂದು ಚುಕ್ಕೆ ಏಳುತ್ತವೆ. ಅವು ದಟ್ಟವಾಗುತ್ತಾ ಇಡೀ ವೃತ್ತ ಒಂದೇ ಬೂದು ಬಣ್ಣಕ್ಕೆ ಬರಬೇಕು. ಅಂಚಿನಲ್ಲಿ ಬಿಳಿ ಉಳಿದಿದ್ದರೆ ಅಲ್ಲಿ ಫೋಮ್ ಪೂರ್ತಿ ಕುಗ್ಗಿಲ್ಲ, ಅಂಕಿ ಜಾಸ್ತಿ ಬರುತ್ತದೆ. ಬೆರಳಿನಿಂದ ಉಜ್ಜಿದರೆ ಸಾಲದು. ಹಾಗಂತ ಹಾಳೆ ಮೇಲೆ ಗೀರು ಬೀಳುವಷ್ಟು ತಿಕ್ಕಲೂ ಬಾರದು. ಉಕ್ಕಿನ ಮೇಲೆ ದೂಳಿದ್ದರೆ ಅದೂ ಅಚ್ಚಿನಲ್ಲಿ ಸೇರುತ್ತದೆ, ಮೊದಲೇ ಬ್ರಷ್ ಹೊಡೆಯಿರಿ.

ದರ್ಜೆಯ ವಿಷಯವೂ ಇದೆ. ಕೋರ್ಸ್ ಟೇಪ್ 20ರಿಂದ 64 ಮೈಕ್ರಾನ್‌ಗೆ, ಎಕ್ಸ್-ಕೋರ್ಸ್ 38ರಿಂದ 115ಕ್ಕೆ. 38–64ರ ನಡುವಿನ ಪಟ್ಟಿಯಲ್ಲಿ ತಕರಾರು ಜಾಸ್ತಿ. ಅಲ್ಲಿ ಕೋರ್ಸ್ ಟೇಪ್ ಸ್ವಲ್ಪ ಕಡಿಮೆ ಹೇಳುತ್ತದೆ, ಎಕ್ಸ್-ಕೋರ್ಸ್ ಸ್ವಲ್ಪ ಜಾಸ್ತಿ ಹೇಳುತ್ತದೆ. ಸಾದಾ ಮೈಕ್ರೋಮೀಟರ್ ಬಳಸುವವರು ಒಂದೇ ಜಾಗದಲ್ಲಿ ಎರಡನ್ನೂ ಹಾಕಿ ಸರಾಸರಿ ತೆಗೆಯುತ್ತಾರೆ. ಈಗ ಬರುವ ಡಿಜಿಟಲ್ ರೀಡರ್‌ಗಳು ಈ ತಿದ್ದುಪಡಿಯನ್ನು ತಾವೇ ಮಾಡಿಕೊಳ್ಳುತ್ತವೆ. 81 ಅನ್ನುವುದು ಎಕ್ಸ್-ಕೋರ್ಸ್ ವ್ಯಾಪ್ತಿಯ ನಡುವೆ ಇದೆ. ಹಾಗಾಗಿ ತೊಲೆಕಂಬ ಅವರ ಅಂಕಿಯ ಬಗ್ಗೆ ನನಗೆ ಈ ಕಾರಣಕ್ಕೆ ಸಂಶಯ ಇಲ್ಲ.

ಮೈಕ್ರೋಮೀಟರ್‌ನ ದವಡೆ ಒರೆಸಿ ಸೊನ್ನೆ ನೋಡಿಕೊಳ್ಳಿ. ಸ್ಪ್ರಿಂಗ್ ಇರುವ, ಹಗುರವಾಗಿ ಒತ್ತುವ ಮೈಕ್ರೋಮೀಟರ್ ಇದಕ್ಕೆ ಬೇಕು. ತಿರುಪು ಬಿಗಿಸುವ ವರ್ಕ್‌ಶಾಪ್ ಮೈಕ್ರೋಮೀಟರ್‌ನಲ್ಲಿ ಅಳೆದರೆ ಅಚ್ಚೇ ಜಜ್ಜಿಹೋಗುತ್ತದೆ.

ಹೊಸಕಣ್ಣು

ನಾನು ಈ ಕೆಲಸಕ್ಕೆ ಹೊಸಬಳು, ತಪಾಸಣೆ ಕಲಿಯುತ್ತಿದ್ದೇನೆ. ನಮಗೆ ಕೊಟ್ಟಿರುವುದು ನಾಲ್ಕು ಭಾಗ ಇರುವ ಕಂಪ್ಯಾರೇಟರ್ ತಟ್ಟೆ (ಉಕ್ಕಿನ ಪಕ್ಕ ಇಟ್ಟು ಒರಟುತನ ಹೋಲಿಸುವ ಮಾದರಿ) ಮಾತ್ರ. ಇಷ್ಟೆಲ್ಲ ಅಂಕಿ ಅದರಲ್ಲಿ ಬರುವುದೇ ಇಲ್ಲ. ಹಾಗಾದರೆ ಅದು ನಿಷ್ಪ್ರಯೋಜಕವಾ?

ಟೇಪ್‌ಪಟ್ಟಿ

ಖಂಡಿತ ಇಲ್ಲಮ್ಮ. ಐಎಸ್‌ಒ ಪದ್ಧತಿಯಲ್ಲಿ ಮೊದಲು ಕೈಗೆ ತೆಗೆದುಕೊಳ್ಳುವುದು ಅದನ್ನೇ. 8503ರ 1ನೇ ಭಾಗ ಆ ತಟ್ಟೆ ಹೇಗಿರಬೇಕು ಅನ್ನುತ್ತದೆ, 2ನೇ ಭಾಗ ಹೇಗೆ ಬಳಸಬೇಕು ಅನ್ನುತ್ತದೆ.

ಗ್ರಿಟ್‌ಗೆ ಒಂದು ತಟ್ಟೆ, ಶಾಟ್‌ಗೆ ಬೇರೆ ತಟ್ಟೆ. ಇದನ್ನು ಅದಲು ಬದಲು ಮಾಡಬಾರದು. ಗ್ರಿಟ್ ತಟ್ಟೆಯ ನಾಲ್ಕು ಭಾಗ ಸುಮಾರು 25, 60, 100, 150 ಮೈಕ್ರಾನ್. ಶಾಟ್ ತಟ್ಟೆಯವು 25, 40, 70, 100. ನಿಮ್ಮ ಉಕ್ಕು ಒಂದನೇ ಭಾಗದಷ್ಟು ಅಥವಾ ಅದಕ್ಕಿಂತ ಒರಟಾಗಿದ್ದು ಎರಡನೆಯದಕ್ಕಿಂತ ನಯವಾಗಿದ್ದರೆ ಫೈನ್. ಎರಡನೆಯದರಿಂದ ಮೂರನೆಯದರ ಒಳಗೆ ಮೀಡಿಯಂ. ಮೂರನೆಯದರಿಂದ ನಾಲ್ಕನೆಯದರ ಒಳಗೆ ಕೋರ್ಸ್. ಕಣ್ಣಲ್ಲಿ ತೀರ್ಮಾನ ಆಗದಿದ್ದರೆ ಏಳು ಪಟ್ಟು ಮೀರದ ಭೂತಗನ್ನಡಿ ಹಿಡಿಯಿರಿ. ಅದಕ್ಕೂ ಆಗದಿದ್ದರೆ ಉಗುರಿನ ತುದಿಯನ್ನು ತಟ್ಟೆ ಮೇಲೊಮ್ಮೆ ಉಕ್ಕಿನ ಮೇಲೊಮ್ಮೆ ಎಳೆದು ನೋಡಿ. ಉಗುರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ತೊಲೆಕಂಬ ಅವರ ಉಕ್ಕು ಈ ಲೆಕ್ಕದಲ್ಲಿ ಮೀಡಿಯಂ ಗ್ರಿಟ್. ಸ್ಪೆಸಿಫಿಕೇಷನ್ ಬರೆದವರು "ಮೀಡಿಯಂ ಜಿ" (ಜಿ ಅಂದರೆ ಗ್ರಿಟ್) ಅಂತ ಬರೆದಿದ್ದರೆ ಇಷ್ಟು ಹೊತ್ತಿಗೆ ಪ್ರೈಮರ್ ಬಿದ್ದಿರುತ್ತಿತ್ತು.

ಸೂಜಿಮೊನೆ

ಆ ಕೊನೆಯ ಮಾತು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ವಿಧಾನದ ಹೆಸರಿಲ್ಲದ ಮೈಕ್ರಾನ್ ಅಂಕಿ ಅರ್ಧ ಅಂಕಿ. 50–75 ಅಂತ ಬರೆಯುವವರು "ರೆಪ್ಲಿಕಾ ಟೇಪ್‌ನಲ್ಲಿ" ಅಂತ ಎರಡು ಪದ ಸೇರಿಸಿದರೆ ಸಾಕು, ಅರ್ಧ ಜಗಳ ಹುಟ್ಟುವುದೇ ಇಲ್ಲ. ಪ್ರತಿ ಉಪಕರಣವೂ ಅದೇ ಮೇಲ್ಮೈಯ ಬೇರೆ ಬೇರೆ ವಿಷಯ ಅಳೆಯುತ್ತದೆ. ಟೇಪ್ ಒಂದು ಸಣ್ಣ ವಿಸ್ತೀರ್ಣದ ಎತ್ತರದ ತುದಿಗಳಿಂದ ತಳದವರೆಗೆ. ಸ್ಟೈಲಸ್ ಒಂದು ಗೆರೆಯ ಉದ್ದಕ್ಕೆ ಮಾತ್ರ, ಆ ಗೆರೆ ಎತ್ತರದ ತುದಿಯ ಪಕ್ಕದಲ್ಲೇ ಹಾದುಹೋಗಬಹುದು. ಹಾಗಾಗಿ 72 ಮತ್ತು 81ರ ನಡುವಿನ ವ್ಯತ್ಯಾಸ ನನಗೆ ಅಚ್ಚರಿಯೇ ಅಲ್ಲ.

ನಾಜಲ್‌ಹಿಡಿ

ಅಳತೆ ಸರಿ ಅಂತ ಒಪ್ಪಿಕೊಂಡೆ. ಈಗ 81 ಯಾಕೆ ಬಂತು ಅಂತ ಯಾರೂ ಕೇಳುತ್ತಿಲ್ಲವಲ್ಲ. ನಾನು ಕೇಳುತ್ತೇನೆ.

ಪ್ರೊಫೈಲ್ ಜಾಸ್ತಿ ಬಂದರೆ "ಒಂದೇ ಕಡೆ ಜಾಸ್ತಿ ಹೊತ್ತು ಹೊಡೆದಿದ್ದೀಯ" ಅಂತ ನಾಜಲ್ ಹಿಡಿದವನನ್ನೇ ಬೈಯುತ್ತಾರೆ. ಅದು ನಿಜವಲ್ಲ. ಉಕ್ಕು ಪೂರ್ತಿ ಬೆಳ್ಳಗಾದ ಮೇಲೆ ಇನ್ನೂ ಹೊಡೆದರೂ ಆಳ ಹೆಚ್ಚೇನೂ ಏರುವುದಿಲ್ಲ. ಆಳ ನಿರ್ಧರಿಸುವುದು ಮುಖ್ಯವಾಗಿ ಗ್ರಿಟ್‌ನ ಗಾತ್ರ. ಆಮೇಲೆ ಅದರ ಗಡಸುತನ, ಆಕಾರ, ನಾಜಲ್‌ನಲ್ಲಿ ಸಿಗುವ ಒತ್ತಡ.

ಒತ್ತಡವನ್ನು ಕಂಪ್ರೆಸರ್ ಹತ್ತಿರ ನೋಡಿ ಬರೆಯುವವರಿದ್ದಾರೆ. ಹೋಸ್ ಉದ್ದಕ್ಕೂ ಒತ್ತಡ ಸೋರಿಹೋಗಿರುತ್ತದೆ. ನಾಜಲ್ ಹಿಂದೆ ಹೋಸ್‌ಗೆ ಸೂಜಿ ಗೇಜ್ ಚುಚ್ಚಿ ನೋಡಬೇಕು. 7 ಬಾರ್ ಆಸುಪಾಸು ಇದ್ದರೆ ಒಳ್ಳೆಯದು.

ಆದರೆ ನನ್ನ ಅನುಮಾನ ಹಾಪರ್ (ಗ್ರಿಟ್ ತುಂಬಿಡುವ ತೊಟ್ಟಿ) ಮೇಲೆ. ಸ್ಟೀಲ್ ಗ್ರಿಟ್ ಮರುಬಳಕೆ ಆಗುತ್ತಾ ಒಡೆದು ಸಣ್ಣದಾಗುತ್ತದೆ. ಓಡುತ್ತಿರುವ ಯಂತ್ರದಲ್ಲಿ ದೊಡ್ಡದು, ಮಧ್ಯಮ, ಸಣ್ಣದು ಎಲ್ಲ ಬೆರೆತಿರುತ್ತದೆ. ಅದಕ್ಕೆ ವರ್ಕಿಂಗ್ ಮಿಕ್ಸ್ ಅನ್ನುತ್ತೇವೆ. ಆ ಮಿಶ್ರಣ ಹಾಳಾಗದಂತೆ ಹೊಸ ಗ್ರಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ, ಆಗಾಗ ಸೇರಿಸಬೇಕು. ಒಮ್ಮೆಗೇ ಇಡೀ ಹಾಪರ್ ಹೊಸದು ತುಂಬಿಸಿದರೆ ಎಲ್ಲ ಕಾಳೂ ದೊಡ್ಡದೇ, ಎಲ್ಲ ಹೊಡೆತವೂ ಆಳವೇ. ತೊಲೆಕಂಬ ಅವರೇ, ಇತ್ತೀಚೆಗೆ ಹೊಸ ಚೀಲ ಒಡೆದರಾ ಅಂತ ಕೇಳಿ ನೋಡಿ.

ತೊಲೆಕಂಬ

ಕೇಳಿದೆ. ಹೌದು! ಹಳೆಯ ಗ್ರಿಟ್ ದೂಳು ಜಾಸ್ತಿ ಆಗಿದೆ ಅಂತ ಪೂರ್ತಿ ಖಾಲಿ ಮಾಡಿ, ಹೊಸ ಜಿ25 (ಗ್ರಿಟ್‌ನ ಒಂದು ಗಾತ್ರ) ತುಂಬಿಸಿದ್ದಾರೆ. ಅದಕ್ಕೂ ಮುಂಚೆ ಮಾಡಿದ ತೊಲೆಗಳ ಟೇಪ್‌ಗಳು ವರದಿಯಲ್ಲಿ ಅಂಟಿಸಿದ್ದು ಹಾಗೇ ಇವೆ. ಅವೆಲ್ಲ 60ರ ಆಸುಪಾಸು.

ಇವತ್ತು ಸರಿಯಾಗಿ ಮೂರು ಜಾಗ ಆರಿಸಿಕೊಂಡು, ಪ್ರತಿ ಜಾಗದಲ್ಲಿ ಎರಡೆರಡು ಟೇಪ್ ಹಾಕಿದೆ. ವೆಬ್ (ತೊಲೆಯ ನಡುವಿನ ನಿಂತ ಭಾಗ) ಮೇಲೆ 79, 83. ಮೇಲಿನ ಫ್ಲೇಂಜ್‌ನಲ್ಲಿ (ಅಡ್ಡ ಪಟ್ಟಿಯಲ್ಲಿ) 77, 79. ಕೆಳಗಿನ ಫ್ಲೇಂಜ್‌ನಲ್ಲಿ 80, 82. ಅಂದರೆ 81, 78, 81. ಎಲ್ಲ ಕಡೆ ಒಂದೇ ಥರ ಇದೆ. ಒಂದು ಮೂಲೆಯ ಸಮಸ್ಯೆ ಅಲ್ಲ ಅಂತ ಆಯಿತು.

ಈಗ ಗುತ್ತಿಗೆದಾರರು "ಇನ್ನೊಮ್ಮೆ ಬ್ಲಾಸ್ಟ್ ಮಾಡಿಬಿಡುತ್ತೇವೆ" ಅನ್ನುತ್ತಿದ್ದಾರೆ. ಮಾಡಿಸಲಾ?

ನಾಜಲ್‌ಹಿಡಿ

ಅದೇ ಗ್ರಿಟ್‌ನಲ್ಲಿ ಖಂಡಿತ ಬೇಡ. ಆಗಿರುವ ಆಳ ಮತ್ತೆ ಹೊಡೆದರೆ ಕಡಿಮೆ ಆಗುವುದಿಲ್ಲ. ಉಬ್ಬುಗಳು ಮಡಚಿಕೊಂಡು ತೆಳು ಚಕ್ಕೆಗಳಾಗಿ ನಿಲ್ಲುತ್ತವೆ, ಅಷ್ಟೇ. ಸಣ್ಣ ಗ್ರಿಟ್‌ನಿಂದ ಹೊಡೆದರೆ ಎತ್ತರದ ತುದಿಗಳು ಒಂದಿಷ್ಟು ಒಡೆಯುತ್ತವೆ, ನಡುವೆ ಹೊಸ ಸಣ್ಣ ತುದಿಗಳು ಹುಟ್ಟುತ್ತವೆ. ಅದನ್ನು ಒಂದು ತುಂಡಿನ ಮೇಲೆ ಮಾಡಿ ಅಳೆದು, ಆಮೇಲೆ ತೀರ್ಮಾನಿಸಿ. ಸ್ಯಾಂಡರ್ ಹಚ್ಚಿ ತುದಿ ಸವೆಸೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ತಡೆಯಿರಿ. ಇಡೀ ಕೆಲಸವೇ ಹಾಳಾಗುತ್ತದೆ.

ಪ್ರೈಮರ್‌ಪಕ್ಷ

ಬಣ್ಣದ ಕಡೆಯಿಂದ ನಾನು ಹೇಳುತ್ತೇನೆ. 75 ದಾಟಿದರೆ ಬಣ್ಣ ಹಿಡಿಯುವುದಿಲ್ಲ ಅನ್ನುವ ಹೆದರಿಕೆ ಬೇಡ. ಹಿಡಿತದ ದೃಷ್ಟಿಯಿಂದ 81 ಒಳ್ಳೆಯ ಮೇಲ್ಮೈಯೇ. ಮೇಲಿನ ಮಿತಿ ಇಡುವುದು ಬೇರೆ ಕಾರಣಕ್ಕೆ.

ಪ್ರೈಮರ್ ತೆಳುವಾಗಿದ್ದು ತುದಿಗಳು ಎತ್ತರ ಇದ್ದರೆ, ತುದಿಯ ಮೇಲೆ ಉಳಿಯುವ ಬಣ್ಣ ತೀರಾ ಕಡಿಮೆ. ಒಂದೆರಡು ತುದಿ ಬಣ್ಣ ಸೀಳಿಕೊಂಡು ಹೊರಗೇ ನಿಂತಿರುತ್ತವೆ. ಮುಂದಿನ ಕೋಟ್ ಬೀಳುವ ಮುಂಚೆಯೇ ಸೂಜಿ ಚುಚ್ಚಿದಂತೆ ಕೆಂಪು ಚುಕ್ಕೆ ಏಳುವುದು ಅಲ್ಲೇ. ತಗ್ಗು ತುಂಬಲು ಬಣ್ಣವೂ ಜಾಸ್ತಿ ಖರ್ಚಾಗುತ್ತದೆ.

ಇಲ್ಲಿ ಡಿಎಫ್‌ಟಿ ಗೇಜ್ (ಒಣಗಿದ ಬಣ್ಣದ ದಪ್ಪ ಅಳೆಯುವುದು) ಒಂದು ಸುಳ್ಳು ನೆಮ್ಮದಿ ಕೊಡುತ್ತದೆ. ನಯವಾದ ತಟ್ಟೆ ಮೇಲೆ ಸೊನ್ನೆ ಮಾಡಿದ ಗೇಜನ್ನು ಬ್ಲಾಸ್ಟ್ ಮಾಡಿದ ಉಕ್ಕಿನ ಮೇಲೆ ಇಟ್ಟರೆ, ಅದು ಅಳೆಯುವುದು ತುದಿಯಿಂದ ಅಲ್ಲ. ತುದಿಗೂ ತಳಕ್ಕೂ ನಡುವಿನ ಯಾವುದೋ ಮಟ್ಟದಿಂದ. ಅದಕ್ಕೇ ಬಣ್ಣದ ದಪ್ಪದ ಮಾನದಂಡ ಐಎಸ್‌ಒ 19840 ತಿದ್ದುಪಡಿ ಕೊಟ್ಟಿದೆ: ಫೈನ್ ಪ್ರೊಫೈಲ್‌ಗೆ 10, ಮೀಡಿಯಂಗೆ 25, ಕೋರ್ಸ್‌ಗೆ 40 ಮೈಕ್ರಾನ್ ಕಳೆಯಬೇಕು. ನಿಮ್ಮ ಗೇಜ್ 80 ತೋರಿಸಿದರೆ ತುದಿಯ ಮೇಲಿರುವುದು 55 ಅಂತ ಲೆಕ್ಕ. ಅಮೆರಿಕದ ಮಾನದಂಡ ಎಸ್‌ಎಸ್‌ಪಿಸಿಯ ಪಿಎ 2 ಇದನ್ನೇ ಬೇರೆ ರೀತಿ ಮಾಡುತ್ತದೆ. ಬಣ್ಣ ಬೀಳುವ ಮುಂಚೆ ಬರೀ ಉಕ್ಕಿನ ಮೇಲೆ ಕನಿಷ್ಠ ಹತ್ತು ಕಡೆ ಗೇಜ್ ಇಟ್ಟು ಸರಾಸರಿ ಬರೆದುಕೊಂಡು, ಆಮೇಲೆ ಅದನ್ನು ಕಳೆಯುವುದು. ಯಾವುದಾದರೂ ಒಂದು ಮಾಡಿ, ಎರಡೂ ಒಟ್ಟಿಗೆ ಬೇಡ. ಒಂದೇ ದಪ್ಪವನ್ನು ಎರಡು ಸಲ ಕಳೆದ ಹಾಗಾಗುತ್ತದೆ.

ನನ್ನ ಸಲಹೆ: ಮೂರು ಜಾಗದ ಟೇಪ್ ಅಂಕಿಗಳ ಜೊತೆ ಬಣ್ಣ ತಯಾರಕರಿಗೆ ಬರೆದು ಕೇಳಿ. ಎಪಾಕ್ಸಿ ಪ್ರೈಮರ್ ಆದ್ದರಿಂದ ದಪ್ಪ ಸ್ವಲ್ಪ ಏರಿಸಿ ಒಪ್ಪಿಕೊಳ್ಳುವ ಸಾಧ್ಯತೆ ಇದೆ. ಉತ್ತರ ಬಾಯಿಮಾತಿನಲ್ಲಿ ಬೇಡ, ಬರಹದಲ್ಲೇ ಬರಲಿ. ಇನಾರ್ಗಾನಿಕ್ ಜಿಂಕ್ ಸಿಲಿಕೇಟ್ ಆಗಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ. ಅದನ್ನು ದಪ್ಪ ಮಾಡಿದರೆ ಒಣಗಿದ ಕೆರೆಯ ಮಣ್ಣಿನಂತೆ ಬಿರುಕು ಬಿಡುತ್ತದೆ.

ಹೊಸಕಣ್ಣು

ಒಂದು ಸಂದೇಹ. ಆಳ ಜಾಸ್ತಿ ಇದ್ದಷ್ಟೂ ಹಿಡಿತ ಜಾಸ್ತಿ ಅಂತ ನನಗೆ ಹೇಳಿಕೊಟ್ಟಿದ್ದರು. ಅದು ಸರಿಯಾ?

ಪ್ರೈಮರ್‌ಪಕ್ಷ

ಒಂದು ಮಟ್ಟದವರೆಗೆ ಮಾತ್ರ. ಪ್ರೊಫೈಲ್ ತೀರಾ ಕಡಿಮೆ ಇದ್ದರೆ, ಅದರಲ್ಲೂ ದಪ್ಪ ಕೋಟ್ ಆದರೆ, ಬಣ್ಣ ಹಾಳೆಯಂತೆ ಎದ್ದುಬರುತ್ತದೆ. ಗಟ್ಟಿಯಾಗುವಾಗ ಬಣ್ಣ ಒಳಗೊಳಗೇ ಕುಗ್ಗಲು ಎಳೆಯುತ್ತದೆ. ಆ ಎಳೆತವನ್ನು ತಡೆಯಲು ಹಿಡಿತ ಬೇಕು. ಆದರೆ ಹಿಡಿತ ಬರುವುದು ಆಳ ಒಂದರಿಂದಲೇ ಅಲ್ಲ. ಒಂದು ಚದರ ಮಿಲಿಮೀಟರ್‌ನಲ್ಲಿ ಎಷ್ಟು ತುದಿಗಳಿವೆ, ಅವು ಚೂಪಾಗಿವೆಯೋ ದುಂಡಾಗಿವೆಯೋ ಅನ್ನುವುದೂ ಸೇರುತ್ತದೆ.

60 ಮೈಕ್ರಾನ್ ಶಾಟ್‌ನಲ್ಲೂ ತರಬಹುದು, ಗ್ರಿಟ್‌ನಲ್ಲೂ ತರಬಹುದು. ಶಾಟ್ ದುಂಡು ಗುಂಡು, ಉಕ್ಕಿನಲ್ಲಿ ಬಟ್ಟಲಿನಂಥ ಗುಳಿ ಮಾಡುತ್ತದೆ. ಗ್ರಿಟ್ ಚೂಪು ಅಂಚಿನದು, ಕಡಿದು ಕಣಿವೆ ಮಾಡುತ್ತದೆ. ಟೇಪ್ ಎರಡಕ್ಕೂ 60 ಅಂತಲೇ ಹೇಳುತ್ತದೆ. ಬಣ್ಣಕ್ಕೆ ಸಿಗುವ ಅಂಟುವ ಜಾಗ ಮಾತ್ರ ಒಂದೇ ಅಲ್ಲ. ಲೋಹವನ್ನೇ ಕರಗಿಸಿ ಸಿಂಪಡಿಸುವ ಥರ್ಮಲ್ ಸ್ಪ್ರೇ ಕೆಲಸಕ್ಕೆ ಚೂಪು ಗ್ರಿಟ್ಟೇ ಬೇಕು ಅಂತ ಹಟ ಹಿಡಿಯುವುದು ಇದಕ್ಕೇ.

ಸೂಜಿಮೊನೆ

ಸ್ಟೈಲಸ್‌ನ ಬೆಲೆ ಇಲ್ಲೇ ಇದೆ. ಒಂದು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತುದಿ ಅನ್ನುವ ಲೆಕ್ಕವನ್ನೂ ಅದು ಕೊಡುತ್ತದೆ. ದೊಡ್ಡ ಗ್ರಿಟ್ ಆಳ ಹೆಚ್ಚಿಸುತ್ತದೆ, ತುದಿಗಳ ಸಂಖ್ಯೆ ಇಳಿಸುತ್ತದೆ. ನಾಜಲ್‌ಹಿಡಿ ಹೇಳಿದ ವರ್ಕಿಂಗ್ ಮಿಕ್ಸ್‌ನಲ್ಲಿ ದೊಡ್ಡ ಕಾಳು ಆಳ ಕೊಟ್ಟರೆ, ಸಣ್ಣ ಕಾಳು ನಡುವೆ ತುದಿಗಳನ್ನು ತುಂಬುತ್ತದೆ. ಹಾಪರ್ ಪೂರ್ತಿ ಹೊಸ ಗ್ರಿಟ್ ಆದಾಗ ಕೆಡುವುದು ಆಳ ಒಂದೇ ಅಲ್ಲ. ತೊಲೆಕಂಬ ಅವರೇ, ಸ್ಟೈಲಸ್ ಕೈಯಲ್ಲಿದ್ದರೆ ಹಳೆಯ ಮಿಶ್ರಣದ ಒಂದು ತುಂಡು, ಹೊಸದರ ಒಂದು ತುಂಡು ಎರಡನ್ನೂ ಓಡಿಸಿ ನೋಡಿ.

ಪ್ರೈಮರ್‌ಪಕ್ಷ

ಜೊತೆಗೆ ಒಂದು ಎಚ್ಚರಿಕೆ. ಪ್ರೊಫೈಲ್ ಚೆನ್ನಾಗಿದೆ ಅಂದರೆ ಉಕ್ಕು ಶುದ್ಧವಾಗಿದೆ ಅಂತ ಅಲ್ಲ. ಎಸ್‌ಎ 2½ ಬೇರೆ ಮಾತು, ಮೈಕ್ರಾನ್ ಬೇರೆ ಮಾತು. ಕಣ್ಣಿಗೆ ಕಾಣದ ಉಪ್ಪು ಆ ತಗ್ಗುಗಳಲ್ಲಿ ಉಳಿದಿದ್ದರೆ, ನೀರಾವಿಯನ್ನು ಬಣ್ಣದ ಮೂಲಕ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಎಂಥ ಒಳ್ಳೆಯ ಪ್ರೊಫೈಲೂ ಅದನ್ನು ತಡೆಯುವುದಿಲ್ಲ. ದೂಳಿಗೆ ಐಎಸ್‌ಒ 8502ರ 3ನೇ ಭಾಗದ ಅಂಟು ಟೇಪ್ ಪರೀಕ್ಷೆ, ಉಪ್ಪಿಗೆ ಬ್ರೆಸ್ಲೆ ಪ್ಯಾಚ್ (ಮೇಲ್ಮೈಗೆ ಅಂಟಿಸಿ ನೀರಿನಲ್ಲಿ ಉಪ್ಪು ತೆಗೆದು ಅಳೆಯುವ ಪಟ್ಟಿ). ಎರಡನ್ನೂ ಬಿಡಬೇಡಿ.

ಇನ್ನೂ ಮುಖ್ಯ, ಗಡಿಯಾರ ಓಡುತ್ತಿದೆ. ಬ್ಲಾಸ್ಟ್ ಮಾಡಿದ ಉಕ್ಕು ಬೆತ್ತಲೆ ಉಕ್ಕು. ನೀವು ಅಂಕಿ ಚರ್ಚೆ ಮಾಡುತ್ತಿರುವಾಗ ತೇವ ಕೂತರೆ ತುಕ್ಕು ತಿರುಗಿ ಬರುತ್ತದೆ. ಉಕ್ಕಿನ ತಾಪ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ತಾಪಕ್ಕಿಂತ) ಕನಿಷ್ಠ 3 ಡಿಗ್ರಿ ಮೇಲಿದೆಯಾ ನೋಡುತ್ತಿರಿ. ಬಣ್ಣ ತಯಾರಕರ ಉತ್ತರ ತಡವಾದರೆ ಸಣ್ಣ, ಹಗುರ ಗ್ರಿಟ್‌ನ ಸ್ವೀಪ್ ಹೊಡೆತ (ಮೇಲ್ಮೈ ಮೇಲೆ ಬೇಗ ಸವರಿಹೋಗುವ ಬ್ಲಾಸ್ಟ್) ಹೇಗೂ ಬೇಕಾಗಬಹುದು.

ಕೊಳವೆಗಾರ

ಚರ್ಚೆಯ ನಡುವೆ ಬಂದೆ, ಕ್ಷಮಿಸಿ. ನಮ್ಮದು ಪೈಪ್ ಕೆಲಸ. ಡೆಪ್ತ್ ಗೇಜ್ ಪೈಪ್ ಮೇಲೆ ಒಂದೊಂದು ಸಲ ಒಂದೊಂದು ಹೇಳುತ್ತದೆ. ಹಳೆಯ ಪೈಪ್‌ಗಳಲ್ಲಿ ತುಕ್ಕು ತಿಂದ ಗುಂಡಿಗಳೂ ಇವೆ.

ಟೇಪ್‌ಪಟ್ಟಿ

ಚಪ್ಪಟೆ ಪಾದ ದುಂಡು ಪೈಪ್ ಮೇಲೆ ಆ ಕಡೆ ಈ ಕಡೆ ತೂಗುತ್ತದೆ. ಪಾದ ಓಲಾಡಿದರೆ ಮೊನೆ ಇಳಿಯುವ ಆಳ ಬದಲಾಗುತ್ತದೆ. ವಕ್ರ ಮೇಲ್ಮೈಗೆಂದೇ ಬೇರೆ ಪಾದದ ಪ್ರೋಬ್‌ಗಳು ಸಿಗುತ್ತವೆ. ಇಲ್ಲದಿದ್ದರೆ ಟೇಪ್ ಒಳ್ಳೆಯದು, ಅದು ಬಾಗುತ್ತದೆ. ಆದರೆ ತೀರಾ ಸಣ್ಣ ವ್ಯಾಸದಲ್ಲಿ ಅದೂ ಮಡಿಕೆ ಬೀಳುತ್ತದೆ.

ಗುಂಡಿಗಳ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟು. ಗುಂಡಿಯ ಆಳ ಪ್ರೊಫೈಲ್ ಅಲ್ಲ. ಗೇಜಿನ ಮೊನೆ ಗುಂಡಿಗೆ ಬಿದ್ದರೆ 200 ಅಂತಲೂ ತೋರಿಸಬಹುದು. ಗುಂಡಿಗಳ ನಡುವಿನ ಗಟ್ಟಿ ಜಾಗ ಹುಡುಕಿ ಅಳೆಯಿರಿ. ಅಂಥ ಜಾಗ ಸಿಗುವುದೇ ಇಲ್ಲ ಅಂದರೆ, ಅದೇ ಗ್ರಿಟ್, ಅದೇ ಒತ್ತಡದಲ್ಲಿ ಗುಂಡಿಯಿಲ್ಲದ ಒಂದು ತಗಡಿನ ತುಂಡಿಗೆ ಬ್ಲಾಸ್ಟ್ ಮಾಡಿ ಅದನ್ನು ಅಳೆದು ಬರೆಯಿರಿ. ವರದಿಯಲ್ಲಿ ಹಾಗೆ ಮಾಡಿದ್ದೀರಿ ಅಂತ ಸ್ಪಷ್ಟವಾಗಿ ಹಾಕಿ.

ತೊಲೆಕಂಬ

ಎಲ್ಲರಿಗೂ ಅಪ್‌ಡೇಟ್ ಕೊಡುತ್ತಿದ್ದೇನೆ.

ಬಣ್ಣ ತಯಾರಕರು ಬರೆದು ಉತ್ತರಿಸಿದರು. ಟೇಪ್‌ನಲ್ಲಿ 85ರವರೆಗೆ ಒಪ್ಪಿಗೆ. ಷರತ್ತು ಏನೆಂದರೆ, ಪ್ರೈಮರ್ ದಪ್ಪವನ್ನು 25 ಮೈಕ್ರಾನ್ ತಿದ್ದುಪಡಿ ಕಳೆದ ಮೇಲೆ ಲೆಕ್ಕ ಹಾಕಬೇಕು. ಗ್ರಾಹಕರೂ ಒಪ್ಪಿದರು. ಉತ್ತರ ಬರುವವರೆಗೆ ತೊಲೆಗಳನ್ನು ಒಣ ಶೆಡ್‌ನಲ್ಲಿ ಇಟ್ಟಿದ್ದೆವು, ತುಕ್ಕು ತಿರುಗಿ ಬರಲಿಲ್ಲ. ಪ್ರೈಮರ್ ಆಗಿದೆ.

ಹಾಪರ್‌ನಲ್ಲಿ ಜಿ25 ಜೊತೆ ಅದಕ್ಕಿಂತ ಸಣ್ಣ ಜಿ40 ಬೆರೆಸಿ ಒಂದು ತುಂಡಿನ ಮೇಲೆ ನೋಡಿದೆವು. ಟೇಪ್ 66, ಡೆಪ್ತ್ ಗೇಜಿನ ಹತ್ತರಲ್ಲಿ ದೊಡ್ಡದು 64. ಸೂಜಿಮೊನೆ ಅವರು ಹೇಳಿದಂತೆ ಸ್ಟೈಲಸ್ ಓಡಿಸಿದಾಗ ತುದಿಗಳ ಸಂಖ್ಯೆಯೂ ಏರಿದೆ.

ಮುಂದಿನ ಕೆಲಸದ ಒಪ್ಪಂದಕ್ಕೆ ಹೀಗೆ ಬರೆದು ಕಳಿಸಿದ್ದೇನೆ: "ಪ್ರೊಫೈಲ್ 50ರಿಂದ 85 ಮೈಕ್ರಾನ್, ಸ್ಟೀಲ್ ಗ್ರಿಟ್‌ನಿಂದ. ಅಳತೆ ಎಕ್ಸ್-ಕೋರ್ಸ್ ರೆಪ್ಲಿಕಾ ಟೇಪ್‌ನಲ್ಲಿ. ಪ್ರತಿ ಬ್ಲಾಸ್ಟಿಂಗ್ ಯಂತ್ರಕ್ಕೆ, ಪ್ರತಿ ಪಾಳಿಗೆ ಮೂರು ಜಾಗ, ಜಾಗಕ್ಕೆ ಎರಡು ಟೇಪ್‌ನ ಸರಾಸರಿ. ಹಾಪರ್‌ಗೆ ಹೊಸ ಗ್ರಿಟ್ ಸೇರಿಸಿದಾಗಲೆಲ್ಲ ಮತ್ತೆ ಅಳೆಯಬೇಕು." ಏನಾದರೂ ಬಿಟ್ಟಿದ್ದೇನಾ?

ಟೇಪ್‌ಪಟ್ಟಿ

ಎರಡು ಸೇರಿಸಿ. ಒಂದು, 64ಕ್ಕಿಂತ ಕಡಿಮೆ ಬಂದರೆ ಅದೇ ಜಾಗದಲ್ಲಿ ಕೋರ್ಸ್ ಟೇಪ್ ಕೂಡ ಹಾಕಿ ಸರಾಸರಿ ತೆಗೆಯಬೇಕು, ಅಥವಾ ತಿದ್ದುಪಡಿ ಇರುವ ಡಿಜಿಟಲ್ ರೀಡರ್ ಬಳಸಬೇಕು. ಎರಡು, ವರದಿಯಲ್ಲಿ 50 ಕಳೆದ ಅಂಕಿಯೋ ಕಳೆಯದ ಅಂಕಿಯೋ ಅಂತ ಬರೆಯಬೇಕು. ಮೂರು ಸಾಲು ಸಾಕು, ಮುಂದೆ ಬರುವ ತಪಾಸಕರಿಗೆ ತುಂಬಾ ಉಪಕಾರ ಆಗುತ್ತದೆ.

ನಾಜಲ್‌ಹಿಡಿ

ನನ್ನದೂ ಒಂದು. ನಾಜಲ್‌ನಲ್ಲಿ ಅಳೆದ ಒತ್ತಡ ಅದೇ ಹಾಳೆಯಲ್ಲಿ ಬರಲಿ. ಪ್ರೊಫೈಲ್ ಇಳಿದ ದಿನ ಗ್ರಿಟ್ ಸವೆದಿದೆಯೋ ಗಾಳಿ ಕಡಿಮೆ ಬಂತೋ ಅಂತ ಹುಡುಕಲು ಅದೊಂದು ಸಾಲು ಸಾಕು.

ತೊಲೆಕಂಬ

ಮೂರನ್ನೂ ಸೇರಿಸಿದೆ. ಟೇಪ್‌ಗಳನ್ನು ಹಾಳೆಗೆ ಅಂಟಿಸಿ ಮೇಲೆ ಭಾರ ಬೀಳದಂತೆ ಇಡಲು ಬೇರೆ ಫೈಲ್ ಮಾಡಿಸಿದ್ದೇನೆ. ಪೈಪ್ ಕೆಲಸದ ಚರ್ಚೆ ಮುಂದುವರಿಸುವವರು ಇಲ್ಲೇ ಬರೆಯಬಹುದು.